ಡ್ರೈವರ್ ಹೊಡೆದರೆ ಬಲಕ್ಕೇ ಬಾಗುತ್ತೆ: ಗ್ರಿಪ್ ಬದಲಿಸೋದಾ, ಸ್ವಿಂಗ್ ಬದಲಿಸೋದಾ?

ಬಸವನಗುಡಿ ಬ್ಯಾಟ್ಸ್‌ಮನ್

ಎಲ್ಲರಿಗೂ ನಮಸ್ಕಾರ. ನಾನು ತುಂಬಾ ವರ್ಷ ಲೀಗ್ ಕ್ರಿಕೆಟ್ ಆಡಿದವನು. ಮಂಡಿ ನೋವು ಶುರುವಾದ ಮೇಲೆ ಗೆಳೆಯರ ಜೊತೆ ಗಾಲ್ಫ್ ರೇಂಜಿಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನಕ್ಕೆ, ಹೋಗತೊಡಗಿದೆ. ಈಗ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುವಷ್ಟು ಹಿಡಿಸಿದೆ.

ಸಮಸ್ಯೆ ಇಷ್ಟು. ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) 7 ಐರನ್ ಸುಮಾರಾಗಿ ನೇರ ಹೋಗುತ್ತದೆ. ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯ ಕ್ಲಬ್ ಡ್ರೈವರ್ ಹಿಡಿದರೆ ಚೆಂಡು ಚೆನ್ನಾಗಿ ಎದ್ದು, ಅರ್ಧ ದಾರಿಯ ನಂತರ ಬಲಕ್ಕೆ ಬಾಗಿ ಪಕ್ಕದ ಮರಗಳೊಳಗೆ ಇಳಿಯುತ್ತದೆ. ಜೋರಾಗಿ ಬೀಸಿದಷ್ಟೂ ಜಾಸ್ತಿ ಬಾಗುತ್ತದೆ. ರೇಂಜಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಲೆ ಎತ್ತಬೇಡಿ ಅಂತಾರೆ. ಎಡಗೈ ಮಡಿಸಬೇಡಿ ಅಂತಾರೆ. ಸುಮ್ನೆ ಎಡಕ್ಕೆ ಗುರಿ ಇಟ್ಟು ಹೊಡೆಯಿರಿ ಅಂತಾರೆ. ಇದರಲ್ಲಿ ಮೊದಲು ಯಾವುದನ್ನು ಹಿಡಿಯಬೇಕು? ಬಲಗೈ ಆಟಗಾರ ನಾನು. ಎತ್ತರ 5 ಅಡಿ 9 ಇಂಚು.

ರೇಂಜ್ ರಾಯರು

ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. ಚೆಂಡು ಎಲ್ಲಿಗೆ ಬಿತ್ತು ಅನ್ನುವುದನ್ನು ಹೇಳಿದ್ದೀರಿ. ಅದು ಎಲ್ಲಿಂದ ಶುರುವಾಯಿತು? ಮೊದಲ 20 ಗಜದಲ್ಲಿ ಗುರಿಯ ಎಡಕ್ಕೆ ಹೊರಡುತ್ತದಾ, ನೇರಕ್ಕಾ, ಬಲಕ್ಕಾ? ಇದು ಗೊತ್ತಾಗದೆ ಯಾರು ಕೊಟ್ಟ ಸಲಹೆಯೂ ಊಹೆಯೇ.

ಕಾರಣ ಹೇಳುತ್ತೇನೆ. ಕ್ಲಬ್ಬಿನ ಫೇಸ್, ಅಂದರೆ ಚೆಂಡು ಹೊಡೆಯುವ ಮುಖ, ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು ಮಾತ್ರ. ಆ ಕ್ಷಣ ಫೇಸ್ ಎತ್ತ ನೋಡುತ್ತಿರುತ್ತದೋ, ಚೆಂಡು ಹೆಚ್ಚುಕಡಿಮೆ ಅತ್ತಲೇ ಹೊರಡುತ್ತದೆ. ಡ್ರೈವರ್ ಆದರೆ ಹೊರಡುವ ದಿಕ್ಕಿನಲ್ಲಿ ನೂರಕ್ಕೆ ಸುಮಾರು 85 ಪಾಲು ಫೇಸಿನದು, ಐರನ್ ಆದರೆ ಸುಮಾರು 75 ಪಾಲು. ಉಳಿದದ್ದು ಕ್ಲಬ್ ಬೀಸಿ ಬಂದ ದಾರಿಯದು. ಬಾಗುವುದು ಬೇರೆ ವಿಷಯ. ಫೇಸ್ ಮತ್ತು ದಾರಿ ಎರಡೂ ಒಂದೇ ಕಡೆ ಇಲ್ಲದಿದ್ದರೆ ಚೆಂಡು ಬಾಗುತ್ತದೆ. ದಾರಿಗಿಂತ ಫೇಸ್ ಬಲಕ್ಕೆ ತೆರೆದಿದ್ದರೆ ಬಲಕ್ಕೆ, ಎಡಕ್ಕೆ ಮುಚ್ಚಿದ್ದರೆ ಎಡಕ್ಕೆ.

ಮೊದಲೆಲ್ಲ ಇದನ್ನು ತಿರುಗಾಮುರುಗಾ ಕಲಿಸುತ್ತಿದ್ದರು. ಚೆಂಡು ದಾರಿಯ ಕಡೆ ಹೊರಟು ಫೇಸಿನ ಕಡೆ ಬಾಗುತ್ತದೆ ಎನ್ನುತ್ತಿದ್ದರು. ರೇಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪು ಎಂದು ಗೊತ್ತಾಯಿತು. ಆದರೂ ಹಳೇ ಪಾಠ ಇನ್ನೂ ಎಷ್ಟೋ ಬಾಯಲ್ಲಿ ಉಳಿದಿದೆ.

7 ಐರನ್ ಯಾಕೆ ನೇರ ಹೋಗುತ್ತದೆ ಅಂದರೆ, ನಿಮ್ಮ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಅಲ್ಲಿ ಸರಿಯಾಗಿದೆ ಅಂತಲ್ಲ. ಅದಕ್ಕೆ 30 ಡಿಗ್ರಿ ಆಸುಪಾಸು ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಇರುತ್ತದೆ, ಹಿಂದಕ್ಕೆ ಸುತ್ತುವ ಸ್ಪಿನ್ ಜೋರಾಗಿರುತ್ತದೆ, ಪಕ್ಕದ ಓರೆ ಅದರಲ್ಲಿ ಮುಚ್ಚಿಹೋಗುತ್ತದೆ. ಡ್ರೈವರಿನ ಲಾಫ್ಟ್ 10 ಡಿಗ್ರಿ ಆಸುಪಾಸು. ಅದೇ ಸ್ವಿಂಗ್, ಅದೇ ಓರೆ, ಇಲ್ಲಿ ಬಾಳೆಹಣ್ಣಿನ ಆಕಾರದಲ್ಲಿ ಎದ್ದು ಕಾಣುತ್ತದೆ.

ಬಸವನಗುಡಿ ಬ್ಯಾಟ್ಸ್‌ಮನ್

ಇವತ್ತು ಬೆಳಿಗ್ಗೆ ಗೆಳೆಯನನ್ನು ಹಿಂದೆ ನಿಲ್ಲಿಸಿಕೊಂಡು ನೋಡಿದೆ ರಾಯರೇ. ಚೆಂಡು ಗುರಿಯ ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ಬರುತ್ತದೆ. ಹುಲ್ಲಿನ ಮೇಲೆ ಐರನ್ ಹೊಡೆದಾಗ ಎದ್ದ ಡಿವೋಟ್ (ಹುಲ್ಲು ಕಿತ್ತ ಗುರುತು) ಕೂಡ ಎಡಕ್ಕೇ ತಿರುಗಿದೆ. ಇನ್ನೊಂದು ಗಮನಿಸಿದೆ. ಎಡಗೈ ಗ್ಲೌಸಿನಲ್ಲಿ ಅಂಗೈಯ ಬುಡ, ಕಿರುಬೆರಳಿನ ಕೆಳಗಿನ ದಪ್ಪ ಭಾಗ ಸವೆದು ತೂತಾಗಿದೆ. ಹೊಸದು ತಂದರೂ ಅಲ್ಲೇ ಹರಿಯುತ್ತದೆ.

ಹೈಗ್ರೌಂಡ್ಸ್ ಹಳಬ

ಗ್ಲೌಸ್ ಎಲ್ಲವನ್ನೂ ಹೇಳಿಬಿಟ್ಟಿದೆ. ನೀವು ಕ್ಲಬ್ಬನ್ನು ಅಂಗೈಯಲ್ಲಿ ಹಿಡಿದಿದ್ದೀರಿ. ಬ್ಯಾಟ್ ಹಿಡಿದು ಬಂದ ಕೈಗಳಲ್ಲಿ ನಾನು ಇದನ್ನೇ ಮತ್ತೆ ಮತ್ತೆ ನೋಡಿದ್ದೇನೆ. ಹಿಡಿ ಅಂಗೈಯೊಳಗೆ ಅಡ್ಡಲಾಗಿ ಕೂತರೆ ಮಣಿಕಟ್ಟು ಬಿಗಿಯುತ್ತದೆ. ಮೇಲೆ ಹೋದಾಗ ಹಿಡಿ ಒಳಗೇ ಜಾರುತ್ತದೆ, ಚರ್ಮ ಉಜ್ಜಿ ಉಜ್ಜಿ ಅದೇ ಜಾಗ ಹರಿಯುತ್ತದೆ. ಕೆಳಗೆ ಬರುವಾಗ ಫೇಸ್ ಮುಚ್ಚಲು ಸಮಯವೇ ಸಿಗುವುದಿಲ್ಲ.

ಹೀಗೆ ಮಾಡಿ. ತರಕಾರಿ ತುಂಬಿದ ಕೈಚೀಲವನ್ನು ಎಡಗೈಯಲ್ಲಿ ಹಿಡಿದು ನಿಂತಾಗ ಚೀಲದ ಹಿಡಿ ಬೆರಳುಗಳ ಬುಡದಲ್ಲಿ ತೂಗುತ್ತದೆ ನೋಡಿ, ಕ್ಲಬ್ ಕೂಡ ಅಲ್ಲೇ ಕೂರಬೇಕು. ತೋರುಬೆರಳಿನ ನಡು ಗೆಣ್ಣಿನಿಂದ ಕಿರುಬೆರಳಿನ ಬುಡಕ್ಕೆ ಓರೆಯಾಗಿ ಇಡಿ. ಆಮೇಲೆ ಅಂಗೈಯ ದಪ್ಪ ಭಾಗ ಹಿಡಿಯ ಮೇಲೆ ಮುಚ್ಚಲಿ. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣು ಪೂರ್ತಿ ಕಾಣಬೇಕು, ಮೂರನೆಯದು ಸ್ವಲ್ಪ ಇಣುಕಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬೀಳುವ ಗೆರೆ ಬಲಭುಜದ ಕಡೆ ನೋಡಬೇಕು. ಬಲಗೈಯ ಗೆರೆಯೂ ಅತ್ತಲೇ. ಬಲಗೈಯ ಕಿರುಬೆರಳನ್ನು ಎಡ ತೋರುಬೆರಳಿನ ಮೇಲೆ ಕೂರಿಸುತ್ತೀರೋ, ಹೆಣೆಯುತ್ತೀರೋ, ಹತ್ತೂ ಬೆರಳು ಹಿಡಿಯ ಮೇಲೆ ಇಡುತ್ತೀರೋ, ಅದು ನಿಮ್ಮ ಕೈಯ ಅಳತೆಗೆ ಬಿಟ್ಟದ್ದು.

ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮರದ ತಲೆಯ ಕ್ಲಬ್ ಹೋಗಿ ಟೈಟಾನಿಯಂ ಬಂತು, ಚೆಂಡು ಬದಲಾಯಿತು, ಶಾಫ್ಟ್ ಬದಲಾಯಿತು. ಕೈಗೂ ಕ್ಲಬ್ಬಿಗೂ ಇರುವ ಸಂಬಂಧ ಮಾತ್ರ ಆ ಎರಡು ಹಿಡಿತಗಳದ್ದೇ. ಅದನ್ನು ಬಿಟ್ಟು ಬೇರೆಲ್ಲಿ ರಿಪೇರಿ ಮಾಡಿದರೂ ಅದು ಉಳಿಯುವುದಿಲ್ಲ.

ಇಂದಿರಾನಗರ ಅಕ್ಕ

ಹಿರಿಯರ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇವರ ವಿಷಯದಲ್ಲಿ ಗ್ರಿಪ್ ಒಂದೇ ಸಾಲದು ಸರ್.

ಚೆಂಡು ಎಡಕ್ಕೆ ಹೊರಡುತ್ತಿದೆ ಅಂದರೆ ತಾಗುವ ಹೊತ್ತಿಗೆ ಫೇಸ್ ಈಗಾಗಲೇ ಗುರಿಯ ಎಡಕ್ಕೆ ನೋಡುತ್ತಿದೆ. ಕ್ಲಬ್ ಬರುವ ದಾರಿ ಅದಕ್ಕಿಂತಲೂ ಎಡಕ್ಕಿದೆ. ಡಿವೋಟ್ ಅದನ್ನೇ ತೋರಿಸುತ್ತಿದೆ. ಈಗ ಗ್ರಿಪ್ ಮಾತ್ರ ಬಲಕ್ಕೆ ತಿರುಗಿಸಿ ಫೇಸ್ ಇನ್ನೂ ಮುಚ್ಚಿದರೆ ಚೆಂಡು ಬಲಕ್ಕೆ ಬಾಗುವುದು ನಿಂತು, ನೇರ ಎಡಕ್ಕೇ ಹೋಗಿಬಿಡುತ್ತದೆ. ಅಲ್ವಾ?

ದಾರಿ ಎಡಕ್ಕೆ ತಿರುಗುವುದು ಕ್ರಿಕೆಟ್‌ನಿಂದ ಬಂದವರಲ್ಲಿ ಸಾಮಾನ್ಯ. ಮೇಲಿನಿಂದ ಇಳಿಯುವ ಮೊದಲ ಕ್ಷಣದಲ್ಲೇ ಬಲಭುಜ ಮುಂದಕ್ಕೆ ನುಗ್ಗುತ್ತದೆ. ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದು ಬರುತ್ತದೆ. ಇನ್ನು ಎಡ ಮೊಣಕೈ. ಸ್ಟ್ರೈಟ್ ಡ್ರೈವ್ ಆಡಲು ಅದನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು ಎಂದು ಚಿಕ್ಕಂದಿನಿಂದ ಕಲಿತಿರುತ್ತೀರಿ. ಕ್ರಿಕೆಟ್‌ನಲ್ಲಿ ಅದು ಚಂದ. ಇಲ್ಲಿ ಚೆಂಡು ತಾಗಿದ ಮೇಲೆ ಮೊಣಕೈ ಹೊರಕ್ಕೆ ಮಡಿಸಿ ನಿಂತರೆ ಫೇಸ್ ತಿರುಗಲು ಬಿಡುವುದಿಲ್ಲ. ಬ್ಯಾಟಿನ ಮುಖ ಕೊನೆಯವರೆಗೂ ಬೌಲರ್ ಕಡೆ ನೋಡಬೇಕು. ಗಾಲ್ಫ್ ಕ್ಲಬ್ಬಿನ ತುದಿ ಚೆಂಡು ದಾಟಿದ ಮೇಲೆ ಆಕಾಶ ನೋಡಬೇಕು. ಎರಡೂ ಬೇರೆ ಬೇರೆ ಆಟ.

ಎಡಕ್ಕೆ ಗುರಿ ಇಡಿ ಅನ್ನುವ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಪಾದ, ಭುಜ ಎಡಕ್ಕೆ ತಿರುಗಿದಷ್ಟೂ ಕ್ಲಬ್ ಇನ್ನೂ ಎಡಕ್ಕೆ ಬೀಸುತ್ತದೆ, ಸ್ಲೈಸ್, ಅಂದರೆ ಈ ಬಲಕ್ಕೆ ಬಾಗುವಿಕೆ, ಇನ್ನೂ ಬೆಳೆಯುತ್ತದೆ. ಜನ ಇದರಲ್ಲೇ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಚೆಂಡನ್ನೂ ತೀರಾ ಮುಂದಕ್ಕೆ ಇಡಬೇಡಿ. ಡ್ರೈವರಿಗೆ ಎಡ ಹಿಮ್ಮಡಿಯ ಒಳಗಡೆ ನೇರಕ್ಕೆ ಸಾಕು. ಅದಕ್ಕಿಂತ ಮುಂದಿದ್ದರೆ ಅದನ್ನು ಮುಟ್ಟಲೆಂದೇ ಭುಜ ತೆರೆದುಕೊಳ್ಳುತ್ತದೆ.

ರೇಂಜ್ ರಾಯರು

ಅಕ್ಕ ಹೇಳಿದ ಲೆಕ್ಕ ಪೂರ್ತಿ ಸರಿ. ಆದರೂ ನಾನು ಹಳಬರ ಕಡೆಗೇ ಇದ್ದೇನೆ. ಗ್ರಿಪ್ಪೇ ಮೊದಲು.

ಯಾಕೆ ಅಂದರೆ, ಆ ಎಡಕ್ಕೆ ಬೀಸುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಫೇಸ್ ತೆರೆದೇ ಬರುತ್ತಿದ್ದ ಕಾಲದಲ್ಲಿ ಚೆಂಡು ಬಲಕ್ಕೆ ಹೋಗುತ್ತಿತ್ತು. ಮೈ ಅದನ್ನು ತಡೆಯಲು ತಾನಾಗಿಯೇ ಎಡಕ್ಕೆ ಎಳೆಯಲು ಕಲಿಯಿತು. ದಾರಿಗೆ ಹೋಲಿಸಿದರೆ ಫೇಸ್ ತೆರೆದಿರುವವರೆಗೂ ಯಾವ ಕೋಚ್ ಬಂದು ಬಲಕ್ಕೆ ಬೀಸಿ ಅಂದರೂ ಮೈ ಒಪ್ಪುವುದಿಲ್ಲ. ಚೆಂಡು ಕಾಂಪೌಂಡ್ ದಾಟುತ್ತದೆ ಎಂದು ಅದಕ್ಕೆ ಗೊತ್ತು. ಗ್ರಿಪ್ ಸರಿಯಾದ ಮೇಲೆ ಚೆಂಡು ಎಡಕ್ಕೆ ಹೋಗುತ್ತದೆ. ಹೋಗಲಿ. ಹಾಗೆ ಹೋದಾಗಲೇ ಮೈ ಬಲಕ್ಕೆ ಬೀಸಲು ಶುರುಮಾಡುವುದು. ಆ ಎಡದ ಚೆಂಡುಗಳಿಗೆ ಹೆದರಿ ಹಳೇ ಗ್ರಿಪ್ಪಿಗೆ ವಾಪಸ್ ಹೋದವರ ಸ್ಲೈಸ್ ಹೋಗುವುದಿಲ್ಲ.

ಬಿಡದಿ ಹುಡುಗ

ಮ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ ಅಣ್ಣ. ನಗರದ ರೇಂಜುಗಳಲ್ಲಿ ಹೆಚ್ಚಿನವರು ಮ್ಯಾಟ್ ಮೇಲೆ ಹೊಡೆಯುತ್ತಾರೆ. ಚೆಂಡಿನ ಹಿಂದೆ ಎರಡು ಇಂಚು ನೆಲಕ್ಕೆ ತಾಗಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ಬಡಿಯುತ್ತದೆ. ಶಬ್ದವೂ ಚೆನ್ನಾಗಿಯೇ ಬರುತ್ತದೆ. ಮಳೆ ಬಿದ್ದ ಹುಲ್ಲಿನ ಮೇಲೆ ಅದೇ ಹೊಡೆತ ಹೊಡೆದು ನೋಡಿ. ಮಣ್ಣಿನ ಹೆಂಟೆ ಎದ್ದು ಚೆಂಡಿಗಿಂತ ಮುಂದೆ ಹೋಗುತ್ತದೆ.

ಟವೆಲ್ ಇಟ್ಟು ಅಭ್ಯಾಸ ಮಾಡಿ. ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಟವೆಲ್ ಮಡಿಸಿ ಇಡಿ. ಟವೆಲ್ ಮುಟ್ಟದೆ ಚೆಂಡು ತಾಗಬೇಕು. ಬಂಕರ್ (ಕೋರ್ಸಿನ ಮರಳು ಗುಂಡಿ) ಸಿಕ್ಕರೆ ಇನ್ನೂ ಒಳ್ಳೆಯದು. ಮರಳಲ್ಲಿ ಗುರಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಚೆಂಡಿಲ್ಲದೆ 7 ಐರನ್ ಬೀಸಿ. ಮರಳು ಗೆರೆಯ ಹಿಂದೆ ಎದ್ದರೆ ತೂಕ ಬಲಗಾಲಲ್ಲೇ ನಿಂತಿದೆ ಅಂತ ಅರ್ಥ. ಗೆರೆಯಿಂದ ಮುಂದಕ್ಕೆ ಗುರಿಯ ಕಡೆ ಎದ್ದರೆ ಸರಿ. ಟೂರ್ (ವೃತ್ತಿಪರ ಪಂದ್ಯಾವಳಿಗಳು) ಆಡುವವರ 7 ಐರನ್ ಸರಾಸರಿ 4 ಡಿಗ್ರಿಯಷ್ಟು ಕೆಳಮುಖವಾಗಿ ಇಳಿದು ಚೆಂಡು ತಾಗಿದ ಮೇಲೆ ನೆಲ ಮುಟ್ಟುತ್ತದೆ.

ನಮ್ಮ ಬಿಡದಿ ಕಡೆಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಅವರು ಈಗಲ್‌ಟನ್ ಕೋರ್ಸಿನ ಪಕ್ಕ ಬೆಳೆದು ದೊಡ್ಡ ಪ್ರೊ ಆದರು. ನಮ್ಮೂರ ಕಡೆ ಹುಡುಗರು ಕ್ಲಬ್ ಹಿಡಿಯುವುದಕ್ಕೆ ಅದೂ ಒಂದು ಕಾರಣ. ನಮಗೆಲ್ಲ ಹುಲ್ಲು, ಮಣ್ಣು, ಏರುತಗ್ಗು ಇದರಲ್ಲೇ ಕಲಿಕೆ. ಮ್ಯಾಟ್ ಸಿಕ್ಕಿದ್ದು ಆಮೇಲೆ.

ವೈಟ್‌ಫೀಲ್ಡ್ ವೀಕೆಂಡ್

ನಡುವೆ ಒಂದು ಪ್ರಶ್ನೆ. ತಲೆ ಎತ್ತಬೇಡಿ ಅನ್ನುವುದು ಸರಿಯಾ ತಪ್ಪಾ? ನನ್ನ ಕ್ಯಾಡಿ (ಕ್ಲಬ್ ಚೀಲ ಹೊರುವ ಸಹಾಯಕ) ಪ್ರತಿ ಹೊಡೆತಕ್ಕೂ ಅದನ್ನೇ ಹೇಳುತ್ತಾನೆ.

ಹೈಗ್ರೌಂಡ್ಸ್ ಹಳಬ

ಕ್ಯಾಡಿಗಳು ಸಾವಿರಾರು ಸ್ವಿಂಗ್ ನೋಡಿದವರು, ಅವರ ಕಣ್ಣು ಸುಳ್ಳು ಹೇಳುವುದಿಲ್ಲ. ನೀವು ಚೆಂಡಿನ ನೆತ್ತಿಗೆ ಹೊಡೆದಾಗ ತಲೆ ಎದ್ದದ್ದು ಅವನಿಗೆ ನಿಜವಾಗಿಯೂ ಕಾಣುತ್ತದೆ. ಆದರೆ ತಲೆ ತಾನಾಗಿ ಎದ್ದದ್ದಲ್ಲ. ಸೊಂಟ ಚೆಂಡಿನ ಕಡೆ ನುಗ್ಗಿ ಬೆನ್ನು ನೆಟ್ಟಗಾಯಿತು, ತಲೆ ಅದರ ಜೊತೆ ಮೇಲಕ್ಕೆ ಬಂತು. ತಲೆಯನ್ನೇ ಒತ್ತಿ ಹಿಡಿದರೆ ಭುಜ ತಿರುಗುವುದು ನಿಲ್ಲುತ್ತದೆ. ಕೈ ಮಾತ್ರ ಬೀಸುತ್ತದೆ. ಬೆನ್ನಿಗೂ ಪೆಟ್ಟು.

ಚೆಂಡು ಹೊಡೆಯಲು ನಿಲ್ಲುವ ಭಂಗಿಯಲ್ಲಿ ಹಿಂಭಾಗವನ್ನು ಒಂದು ಗೋಡೆಗೆ ತಾಗಿಸಿ ನಿಲ್ಲಿ. ಮೇಲೆ ಹೋದಾಗ ಬಲಗಡೆ ಗೋಡೆಗೆ ಒತ್ತಲಿ. ಕೆಳಗೆ ಬಂದು ಮುಗಿಸುವಾಗ ಎಡಗಡೆ ಒತ್ತಲಿ. ಕ್ಲಬ್ ಬೇಡ, ಎದೆಯ ಮೇಲೆ ಕೈ ಕಟ್ಟಿಕೊಂಡು ಮನೆಯಲ್ಲೇ ಮಾಡಿ. ತಲೆಯ ಮಾತೇ ಎತ್ತಬೇಕಾಗಿಲ್ಲ.

ಬೆನ್ನು ಭುಜ ಫಿಸಿಯೋ

ಗೋಡೆಯ ಅಭ್ಯಾಸ ತುಂಬಾ ಒಳ್ಳೆಯದು. ಒಂದು ಮಾತು ಸೇರಿಸುತ್ತೇನೆ. ಗಾಲ್ಫ್ ಆಡುವವರಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಸೊಂಟದ ನೋವು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಆಮೇಲೆ ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕೂತು, ಕಾರಿಂದ ಇಳಿದವರೇ ಡ್ರೈವರ್ ಎತ್ತಿ ಬೀಸುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ತೊಡೆಯ ಸಂದು ಮತ್ತು ಮೇಲ್ಬೆನ್ನು ತಿರುಗದಿದ್ದರೆ ಆ ತಿರುಚನ್ನೆಲ್ಲ ಸೊಂಟ ಹೊರಬೇಕಾಗುತ್ತದೆ. ಚೆಂಡಿನ ಬಕೆಟ್ ಮುಟ್ಟುವ ಮೊದಲು ಹತ್ತು ನಿಮಿಷ ನಡೆಯಿರಿ, ಸೊಂಟ ಭುಜ ತಿರುಗಿಸಿ, ಹತ್ತಿರಕ್ಕೆ ಹೊಡೆಯುವ ವೆಡ್ಜ್ ಕ್ಲಬ್‌ನಿಂದ ಶುರುಮಾಡಿ. ಬ್ಯಾಟ್ಸ್‌ಮನ್ ಅವರಿಗೆ ಮಂಡಿ ನೋವೂ ಇದೆ. ಎಡ ಪಾದವನ್ನು ಸ್ವಲ್ಪ ಗುರಿಯ ಕಡೆಗೆ ತಿರುಗಿಸಿ ನಿಂತರೆ ಮಂಡಿಯ ಮೇಲೆ ತಿರುಚು ಕಡಿಮೆಯಾಗುತ್ತದೆ.

ವೈಟ್‌ಫೀಲ್ಡ್ ವೀಕೆಂಡ್

ಬೆಂಗಳೂರಲ್ಲಿ ಚೆಂಡು ಜಾಸ್ತಿ ದೂರ ಹೋಗುತ್ತೆ ಅಂತಾರಲ್ಲ, ಅದು ನಿಜಾನಾ?

ರೇಂಜ್ ರಾಯರು

ನಿಜ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಗಾಳಿ ತೆಳು. ಚೆಂಡು ಶೇಕಡ 3ರಷ್ಟು ಜಾಸ್ತಿ ಹೋಗುತ್ತದೆ. 200 ಗಜಕ್ಕೆ ಆರು ಗಜದ ವ್ಯತ್ಯಾಸ. ಗಾಳಿ ತೆಳುವಾದರೆ ಚೆಂಡು ಬಾಗುವುದೂ ಸ್ವಲ್ಪ ಕಡಿಮೆ. ಇಲ್ಲಿ ಹೇಗೋ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಅಂಚಿನಲ್ಲಿ ಉಳಿದ ಸ್ಲೈಸ್ ಚೆನ್ನೈಗೆ ಹೋದಾಗ ಇನ್ನೂ ಜಾಸ್ತಿ ಬಾಗುತ್ತದೆ. ಅಲ್ಲಿ ಆಡಲು ಹೋಗುವವರು ಒಂದು ಕ್ಲಬ್ ಜಾಸ್ತಿ, ಅಂದರೆ ಸ್ವಲ್ಪ ಹೆಚ್ಚು ದೂರ ಹೊಡೆಯುವ ಕ್ಲಬ್, ಯೋಚಿಸಿ.

ಬಸವನಗುಡಿ ಬ್ಯಾಟ್ಸ್‌ಮನ್

ಕೆಲವು ವಾರ ಕೇವಲ ಗ್ರಿಪ್ ಮೇಲೆ ಕೆಲಸ ಮಾಡಿ ಬಂದಿದ್ದೇನೆ. ಟಿವಿ ನೋಡುವಾಗಲೂ ಕ್ಲಬ್ ಕೈಯಲ್ಲೇ ಇತ್ತು. ಅಕ್ಕ ಹೇಳಿದ ಹಾಗೇ ಆಗಿದೆ. ಬಲಕ್ಕೆ ಬಾಗುವುದು ನಿಂತಿದೆ. ಚೆಂಡು ಎಡಕ್ಕೆ ಹೊರಟು ಎಡಕ್ಕೇ ಹೋಗುತ್ತದೆ, ಕೆಲವು ಸಲ ನೆಲಮಟ್ಟದಲ್ಲಿ ಹುಕ್ ಆಗುತ್ತದೆ (ಎಡಕ್ಕೆ ಜೋರಾಗಿ ಬಾಗುತ್ತದೆ). ಆದರೆ ತಾಗಿದ ಶಬ್ದವೇ ಬೇರೆ. ಮೊದಲು ಇಷ್ಟು ಗಟ್ಟಿಯಾಗಿ ಚೆಂಡು ಸಿಕ್ಕಿರಲಿಲ್ಲ. ಗ್ಲೌಸ್ ಕೂಡ ಹರಿದಿಲ್ಲ. ಮುಂದೇನು?

ಇಂದಿರಾನಗರ ಅಕ್ಕ

ಬಹಳ ಸಂತೋಷ! ಈಗ ದಾರಿಯ ಕೆಲಸ ಶುರು. ಗ್ರಿಪ್ ಮುಟ್ಟಬೇಡಿ.

ಡ್ರೈವರಿನ ಹೆಡ್‌ಕವರ್ ತೆಗೆದು ನೆಲದ ಮೇಲಿಡಿ. ಎಲ್ಲಿ ಅಂದರೆ, ಚೆಂಡಿನ ಆಚೆ ಬದಿಗೆ, ಮತ್ತು ಚೆಂಡಿಗಿಂತ ಒಂದಡಿ ಹಿಂದಕ್ಕೆ. ಹೊರಗಿನಿಂದ ಕೊಯ್ದು ಬಂದರೆ ಕ್ಲಬ್ ಮೊದಲು ಹೆಡ್‌ಕವರ್‌ಗೆ ಬಡಿಯುತ್ತದೆ. ಅದಕ್ಕೆ ತಾಗದಂತೆ ಒಳಗಿನಿಂದ ಬನ್ನಿ. ಮೊದಲು ಸೊಂಟದ ಎತ್ತರಕ್ಕೆ ಮಾತ್ರ ಬೀಸಿ, ಅದೂ 7 ಐರನ್‌ನಲ್ಲಿ. ಚೆಂಡು ಗುರಿಯ ಸ್ವಲ್ಪ ಬಲಕ್ಕೆ ಹೊರಟು ಮೆಲ್ಲಗೆ ಒಳಕ್ಕೆ ಬರುವುದನ್ನು ನೋಡಿದ ಮೇಲೆ ಉದ್ದ ಮಾಡಿ. ಮೇಲಿನಿಂದ ಇಳಿಯುವಾಗ ಬೆನ್ನು ಗುರಿಯ ಕಡೆಗೆ ಇನ್ನೊಂದು ಕ್ಷಣ ಇರಲಿ. ತೂಕ ಎಡಗಾಲಿಗೆ ಹೋಗಲಿ, ಭುಜ ಆಮೇಲೆ ಬರಲಿ.

ಡ್ರೈವರಿಗೆ ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಎತ್ತರಿಸಿ. ಚೆಂಡಿನ ಅರ್ಧ ಭಾಗ ಕ್ಲಬ್ಬಿನ ನೆತ್ತಿಯ ಮೇಲೆ ಕಾಣಬೇಕು. ಮುಂಗಾಲಿನ ಮೇಲೆ ಬಾಗಿ ಚೆಂಡಿನ ನೇರಕ್ಕೆ ತಲೆ ತರುವುದು ಕ್ರಿಕೆಟ್‌ಗೆ. ಇಲ್ಲಿ ತಲೆ ಚೆಂಡಿನ ಹಿಂದೆಯೇ ಉಳಿಯಬೇಕು. ಮಹಿಳಾ ಟೂರ್ ಆಟಗಾರ್ತಿಯರು ಸರಾಸರಿ ಸುಮಾರು 3 ಡಿಗ್ರಿ ಮೇಲ್ಮುಖವಾಗಿ ಡ್ರೈವರ್ ಹೊಡೆಯುತ್ತಾರೆ. ನಮ್ಮ ನಿಮ್ಮಂಥವರು ನೋಡಿ ಕಲಿಯಬೇಕಾದದ್ದು ಅವರಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಪುರುಷರ ಟೂರ್‌ನ ವೇಗ ನಮಗೆ ಬರುವುದಿಲ್ಲ.

ನಮ್ಮ ಊರಿನ ಅದಿತಿ ಅಶೋಕ್ ಅವರನ್ನೇ ನೋಡಿ. ಟೋಕಿಯೋ ಒಲಿಂಪಿಕ್ಸ್ ನಡೆದ 2021ರಲ್ಲಿ, ದೂರ ಹೊಡೆಯುವುದರಲ್ಲಿ ಅವರು ಹಿಂದಿನ ಸಾಲಿನಲ್ಲಿದ್ದರು. ಆದರೂ 15 ಅಂಡರ್ ಪಾರ್ (ನಿಗದಿತ ಹೊಡೆತಗಳಿಗಿಂತ 15 ಕಡಿಮೆ) ಆಡಿ ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಸ್ಟ್ರೋಕಿನಲ್ಲಿ. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲದವರೂ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಚೆಂಡು ಫೇರ್‌ವೇಯಲ್ಲಿದ್ದರೆ ದೂರ ಸ್ವಲ್ಪ ಕಡಿಮೆಯಾದರೂ ಆಟ ನಿಮ್ಮ ಕೈಯಲ್ಲೇ ಇರುತ್ತದೆ.

ರೇಂಜ್ ರಾಯರು

ಇದರ ಜೊತೆ ಫೇಸಿನ ಮೇಲೆ ಚೆಂಡು ಎಲ್ಲಿ ತಾಗುತ್ತಿದೆ ಅನ್ನುವುದನ್ನೂ ನೋಡಿ. ಆಫೀಸಿನ ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಹಿಂಬದಿಗೆ ಒಂದು ಚುಕ್ಕೆ ಇಟ್ಟು ಹೊಡೆಯಿರಿ, ಚುಕ್ಕೆ ಫೇಸಿನ ಮೇಲೆ ಅಚ್ಚಾಗುತ್ತದೆ. ಡ್ರೈವರಿನ ಮುಖ ಉಬ್ಬಾಗಿರುತ್ತದೆ. ಕೋಲು ಸೇರುವ ಬುಡದ ಕಡೆ ತಾಗಿದರೆ ಚೆಂಡು ಬಲಕ್ಕೆ ಬಾಗಲು ನೋಡುತ್ತದೆ, ತುದಿಯ ಕಡೆ ತಾಗಿದರೆ ಎಡಕ್ಕೆ. ಅಂದರೆ ನಿಮ್ಮ ಸ್ವಿಂಗ್ ಸರಿಯಾಗಿದ್ದೂ ಚೆಂಡು ಬಾಗಬಹುದು. ಅದನ್ನು ನೋಡಿ ಗ್ರಿಪ್ ಬದಲಿಸಲು ಹೋಗಬೇಡಿ. ಒಂದು ಇಂಚು ಹತ್ತಿರವೋ ದೂರವೋ ನಿಂತರೆ ಮುಗಿಯಿತು.

ಬಕೆಟ್ ಖಾಲಿ ಮಾಡುವ ಆತುರ ಬೇಡ. ಒಂದು ಚೆಂಡು, ಹಿಂದೆ ಸರಿದು ಗುರಿ ನೋಡಿ, ಮತ್ತೆ ಗ್ರಿಪ್ ಹಿಡಿದು, ಇನ್ನೊಂದು ಚೆಂಡು. ಎಳೆದು ಎಳೆದು ಬೀಸುವವರು ಸ್ವಿಂಗಿನ ವೇಳೆಯನ್ನು ಕಿವಿಯಲ್ಲೇ ಎಣಿಸಬಹುದು. ಒಳ್ಳೆಯ ಆಟಗಾರರಲ್ಲಿ ಹಿಂದಕ್ಕೆ ಹೋಗುವ ಹೊತ್ತು ಕೆಳಗೆ ಬರುವ ಹೊತ್ತಿನ ಮೂರರಷ್ಟು ಇರುತ್ತದೆ. ಒಂದು ಎರಡು ಮೂರು ಎಂದು ಮೇಲೆ, ನಾಲ್ಕಕ್ಕೆ ಚೆಂಡು.

ಬಿಡದಿ ಹುಡುಗ

ಅಣ್ಣ, ಹೆಡ್‌ಕವರ್ ಅಭ್ಯಾಸ ಹುಲ್ಲಿನ ಮೇಲೆ ಮಾಡಿ. ಡಿವೋಟ್ ನೇರಕ್ಕೆ ತಿರುಗುತ್ತಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಮ್ಯಾಟ್ ಮೇಲೆ ಅದು ಕಾಣುವುದಿಲ್ಲ.

ಹೈಗ್ರೌಂಡ್ಸ್ ಹಳಬ

ಹುಲ್ಲಿಗೆ ಹೋದಾಗ ಡಿವೋಟ್ ತುಂಬಿ ಬನ್ನಿ. ಮರಳಿನ ಬಾಟಲಿ ಕ್ಯಾಡಿ ಹತ್ತಿರ ಇರುತ್ತದೆ.

ಬಸವನಗುಡಿ ಬ್ಯಾಟ್ಸ್‌ಮನ್

ಖಂಡಿತ ಸರ್. ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರದಿಂದ ಹುಲ್ಲಿನ ಮೇಲೆ, 7 ಐರನ್, ಹೆಡ್‌ಕವರ್, ಸೊಂಟದ ಎತ್ತರಕ್ಕೆ ಮಾತ್ರ. ಡಿವೋಟಿನ ಫೋಟೋ ಇಲ್ಲೇ ಹಾಕುತ್ತೇನೆ.